ಲೆಕ್ಕ ಬೇಗ ಮುಗಿಸಿ ಕೂರುವ ಮಕ್ಕಳಿಗೆ ಏನು ಕೊಡಲಿ?

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. 31 ಮಕ್ಕಳಲ್ಲಿ ಮೂವರು ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಬರೆದಿರುತ್ತಾರೆ. ಆಮೇಲೆ ಪಕ್ಕದವರ ಪೆನ್ಸಿಲ್ ಕಿತ್ತುಕೊಂಡು ಗಲಾಟೆ. ಇನ್ನೂ ಹತ್ತು ಲೆಕ್ಕ ಕೊಟ್ಟರೆ ಮುಖ ಸಿಂಡರಿಸುತ್ತಾರೆ. ಏನು ಮಾಡಲಿ?
– ಶಿಕ್ಷಕಿ, ಶಿರಸಿ

ಉತ್ತರ: ಸಿಂಡರಿಸದೆ ಇನ್ನೇನು ಮಾಡುತ್ತಾರೆ ಮೇಡಂ? ಕೆಲಸ ಬೇಗ ಮುಗಿಸಿದವರಿಗೆ ಅದೇ ಕೆಲಸ ಇನ್ನಷ್ಟು ಕೊಟ್ಟರೆ ಅದು ಶಿಕ್ಷೆಯೇ ಅಲ್ವಾ? ಜಾಣ ಮಕ್ಕಳು ವಾರದೊಳಗೆ ಬೇಕಂತಲೇ ನಿಧಾನ ಮಾಡುವುದನ್ನು ಕಲಿತುಬಿಡುತ್ತಾರೆ.

ನಾಳೆ ಇದನ್ನು ಕೊಟ್ಟು ನೋಡಿ. ಮೂರಂಕಿಯ ಯಾವುದಾದರೂ ಸಂಖ್ಯೆ ಬರೆಯಲಿ, 851 ಅಂದುಕೊಳ್ಳಿ. ಅದೇ ಅಂಕಿಗಳಿಂದ ದೊಡ್ಡ ಸಂಖ್ಯೆ 851, ಚಿಕ್ಕದು 158. ಕಳೆದರೆ 693. ಅದಕ್ಕೂ ಹಾಗೇ: 963ರಲ್ಲಿ 369 ಹೋದರೆ 594. ಮತ್ತೆ 954ರಲ್ಲಿ 459 ಹೋದರೆ 495. ಇನ್ನೊಮ್ಮೆ ಮಾಡಿದರೂ 495, ಅಲ್ಲಿಗೆ ಗಾಡಿ ನಿಂತಿತು. ಮೂವರೂ ಬೇರೆ ಬೇರೆ ಸಂಖ್ಯೆ ಹಿಡಿದರೂ ಕೊನೆಗೆ ಅಲ್ಲೇ ಬಂದು ನಿಲ್ಲುತ್ತಾರೆ, ಆರು ಹೆಜ್ಜೆಗಿಂತ ಜಾಸ್ತಿ ಬೇಕಾಗುವುದೇ ಇಲ್ಲ. (99 ಬಂದರೆ ಅದನ್ನು 099 ಅಂತ ಬರೆಯಲು ಹೇಳಿ, ಇಲ್ಲದಿದ್ದರೆ ಜಗಳ ಬರುತ್ತದೆ.) ಒಬ್ಬ ಕಿಲಾಡಿ 777 ತಂದು ‘ಸೊನ್ನೆ ಬಂತು ಟೀಚರ್’ ಅಂತಾನೆ. ಬೈಯಬೇಡಿ. ನಿಯಮ ಎಲ್ಲಿ ತಪ್ಪುತ್ತದೆ ಎಂದು ಹುಡುಕುವವನೇ ನಿಮಗೆ ಬೇಕಾದವನು.

ಇಷ್ಟರಲ್ಲೇ ಹದಿನೈದು ಇಪ್ಪತ್ತು ಕಳೆಯುವ ಲೆಕ್ಕ ಮಾಡಿರುತ್ತಾರೆ, ಅದೂ ದಶಕ ತೆಗೆದುಕೊಂಡು, ಗೊಣಗದೆ. ಆದರೆ ನಿಜವಾದ ಲೆಕ್ಕ ಶುರುವಾಗುವುದು ಇಲ್ಲಿಂದ. ಯಾಕೆ ಪ್ರತಿ ಸಲ ಉತ್ತರದ ನಡುವೆ 9 ಬರುತ್ತದೆ? 851ರ ಬದಲು 841 ತೆಗೆದುಕೊಂಡರೂ 693 ಯಾಕೆ? ನಡುವಿನ ಅಂಕಿ ಎರಡೂ ಸಂಖ್ಯೆಯಲ್ಲಿ ಅದೇ ಜಾಗದಲ್ಲಿರುತ್ತದೆ, ಹಾಗಾಗಿ ಕಳೆದಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಉಳಿಯುವುದು ದೊಡ್ಡ ಅಂಕಿಗೂ ಚಿಕ್ಕ ಅಂಕಿಗೂ ಇರುವ ವ್ಯತ್ಯಾಸದ 99 ಪಟ್ಟು ಮಾತ್ರ. 8ಕ್ಕೂ 1ಕ್ಕೂ ವ್ಯತ್ಯಾಸ 7, ಏಳು ಸಲ 99 ಅಂದರೆ 693. ಅಂದರೆ ಮೊದಲ ಹೆಜ್ಜೆಯಲ್ಲಿ ಬರಬಹುದಾದ ಉತ್ತರಗಳು ಬರೀ ಒಂಬತ್ತು! ಆ ಒಂಬತ್ತನ್ನು ಪರೀಕ್ಷಿಸಿದರೆ ಎಲ್ಲವನ್ನೂ ಪರೀಕ್ಷಿಸಿದಂತೆ. ಇದನ್ನು ನೀವು ಹೇಳಿಬಿಡಬೇಡಿ, ದಯವಿಟ್ಟು. ಮೂರು ದಿನ ಹಿಡಿದರೂ ಹಿಡಿಯಲಿ.

ಆಮೇಲೆ ನಾಲ್ಕಂಕಿ. ಅಲ್ಲಿ ಗಾಡಿ ನಿಲ್ಲುವುದು 6174ರಲ್ಲಿ, ಏಳು ಹೆಜ್ಜೆಯೊಳಗೆ. 1949ರಲ್ಲಿ ಇದನ್ನು ಕಂಡುಕೊಂಡವರು ನಾಸಿಕ್ ಹತ್ತಿರದ ದೇವಳಾಲಿಯ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್, ನಿಮ್ಮ ಹಾಗೇ ಶಾಲಾ ಮೇಷ್ಟ್ರು. ಎರಡಂಕಿಯಲ್ಲಿ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಸುಮ್ನೆ ನಗಿ. ಅಲ್ಲಿ ನಿಲ್ದಾಣವೇ ಇಲ್ಲ. 9, 81, 63, 27, 45, ಮತ್ತೆ 9, ಹೀಗೆ ಸುತ್ತುತ್ತಲೇ ಇರುತ್ತದೆ.

ಪ್ರಶ್ನೆ: ಮಗಳು ಐದನೇ ತರಗತಿ, ಲೆಕ್ಕದಲ್ಲಿ ಬಹಳ ಚುರುಕು. ಅಬಾಕಸ್ ಕ್ಲಾಸಿಗೆ ಸೇರಿಸಲಾ, ಏಳನೇ ತರಗತಿಯ ಪುಸ್ತಕ ಕೊಡಿಸಲಾ?
– ಗೃಹಿಣಿ, ದಾವಣಗೆರೆ

ಉತ್ತರ: ಎರಡೂ ಅವಸರವಿಲ್ಲ. ಅಬಾಕಸ್‌ನಿಂದ ವೇಗ ಬರುತ್ತದೆ, ವೇಗ ಅವಳಿಗೆ ಆಗಲೇ ಇದೆ. ಏಳನೇ ತರಗತಿಯದ್ದನ್ನು ಈಗಲೇ ಮುಗಿಸಿದರೆ ಎರಡು ವರ್ಷ ಬಿಟ್ಟು ಅದೇ ಪಾಠಕ್ಕೆ ಆಕಳಿಸುತ್ತಾ ಕೂರಬೇಕು.

ಅವಳ ಕೈಗೆ 139 × 109 ಕೊಡಿ. 15151 ಬರುತ್ತದೆ, ಯಾವ ಕಡೆಯಿಂದ ಓದಿದರೂ ಒಂದೇ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಗುಣಾಕಾರಗಳನ್ನು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ನಮ್ಮ ಕಡೆಯ ಗಣಿತ ಅಂದರೆ ಇದು ನೋಡಿ! 152207 × 73 ಮಾಡಿದರೆ ಎಂಟು ಒಂದುಗಳ ಸರ ಬರುತ್ತದೆ. ಮಾಡಿ ಮುಗಿಸಿದ ಮೇಲೆ ಕೇಳಿ: ಬರೀ ಒಂದುಗಳ ಸಂಖ್ಯೆಯಲ್ಲಿ ಎಷ್ಟು ಒಂದುಗಳಿದ್ದರೆ 3ರಿಂದ ಭಾಗವಾಗುತ್ತದೆ, ಎಷ್ಟಿದ್ದರೆ 11ರಿಂದ? 11111 ಮಾತ್ರ ಬಹಳ ಹಟಮಾರಿ, 41ರವರೆಗೂ ಯಾರಿಗೂ ಬಗ್ಗುವುದಿಲ್ಲ. ಒಂದು ಭಾನುವಾರ ಅದರಲ್ಲೇ ಕಳೆಯುತ್ತದೆ.

ಪ್ರಶ್ನೆ: ಮಕ್ಕಳು ಕೇಳಿದ್ದಕ್ಕೆ ನನಗೇ ಉತ್ತರ ಗೊತ್ತಿಲ್ಲದಿದ್ದರೆ? ಮರ್ಯಾದೆ ಪ್ರಶ್ನೆ ಸಾರ್!
– ಶಿಕ್ಷಕ, ಹಾಸನ

ಉತ್ತರ: ಹಾಗಾದರೆ ಯಾರಿಗೂ ಉತ್ತರ ಗೊತ್ತಿಲ್ಲದ್ದನ್ನೇ ಕೊಡಿ. ಒಂದು ಸಂಖ್ಯೆ ತೆಗೆದುಕೊಳ್ಳಿ. ಸಮ ಆದರೆ ಅರ್ಧ ಮಾಡಿ, ಬೆಸ ಆದರೆ ಮೂರು ಪಟ್ಟು ಮಾಡಿ ಒಂದು ಕೂಡಿಸಿ. ಹೀಗೇ ಮುಂದುವರಿಸಿ. 7ರಿಂದ ಹೊರಟರೆ 22, 11, 34 ಎನ್ನುತ್ತಾ 16 ಹೆಜ್ಜೆಗೆ 1ಕ್ಕೆ ಬರುತ್ತೀರಿ. ಎಲ್ಲ ಸಂಖ್ಯೆಯೂ 1ಕ್ಕೇ ಬರುತ್ತದಾ? ಗಣಿತದ ದೊಡ್ಡ ದೊಡ್ಡವರಿಗೂ ಇದನ್ನು ಸಾಧಿಸಿ ತೋರಿಸಲು ಇನ್ನೂ ಆಗಿಲ್ಲ. ಹಾಗಂತ ಮಕ್ಕಳಿಗೇ ಹೇಳಿಬಿಡಿ, ಕಣ್ಣು ಹೇಗೆ ಅರಳುತ್ತದೆ ನೋಡಿ. 27ನ್ನು ಮಾತ್ರ ಕೊನೆಯ ಪೀರಿಯಡ್‌ನಲ್ಲಿ ಕೊಡಬೇಡಿ ಸಾರ್. 9232ರವರೆಗೆ ಹತ್ತಿ ಇಳಿದು 111 ಹೆಜ್ಜೆ ಹಾಕಿಸುತ್ತದೆ, ಮಕ್ಕಳಿಗೆ ಬಸ್ ತಪ್ಪುತ್ತದೆ.