ಪ್ರಶ್ನೆ ಹಿಡಿದು ಪುಸ್ತಕ ತೆರೆಯಿರಿ

ಪತ್ರ: ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಕಟಿಂಗ್ ಜೋರಾಗಿ ನಡೆದರೂ ಆರ್ಡರ್ ತಡವಾಗುತ್ತದೆ. ಅಜೈಲ್ ಕಲಿ ಎನ್ನುತ್ತಾರೆ, ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮುಗಿಸುತ್ತ ಆಗಾಗ ತಿದ್ದಿಕೊಳ್ಳುವ ವಿಧಾನವಂತೆ. ಕೋರ್ಸಿಗೆ ದುಡ್ಡು ಕಟ್ಟಲೋ, ನಾನೇ ಓದಿಕೊಳ್ಳಲೋ? ತಂದ ನಾಲ್ಕು ಪುಸ್ತಕಗಳಲ್ಲಿ ಒಂದೂ ಅರ್ಧ ದಾಟಿಲ್ಲ.

ಸಂಪಾದಕರ ಉತ್ತರ: ಓದಿಕೊಳ್ಳಿ. ಕೆಲಸಕ್ಕೆ ಅರ್ಜಿ ಹಾಕುವಾಗ ಸರ್ಟಿಫಿಕೇಟ್ ಕೇಳಿದರೆ ಕೋರ್ಸಿನ ವಿಚಾರ ಆಮೇಲೆ ನೋಡೋಣ. ಪುಸ್ತಕಗಳು ಅರ್ಧಕ್ಕೆ ನಿಂತದ್ದು ಸೋಮಾರಿತನದಿಂದಲ್ಲ, ಪ್ರಶ್ನೆ ಇಲ್ಲದೆ ಹಿಡಿದದ್ದರಿಂದ. ಆರ್ಡರ್ ಯಾಕೆ ತಡ ಎಂಬ ನಿಮ್ಮ ಪ್ರಶ್ನೆಯನ್ನೇ ಹಿಡಿದು ಓದಿ.

ಮೊದಲು ಲಿಟಲ್ ನಿಯಮ ಓದಿ. ಜಾನ್ ಲಿಟಲ್ 1961ರಲ್ಲಿ ಇದರ ಗಣಿತದ ಪುರಾವೆ ಪ್ರಕಟಿಸಿದರು. ಒಳಗಿರುವ ಮಾಲನ್ನು ದಿನಕ್ಕೆ ಹೊರಬೀಳುವ ಮಾಲಿನಿಂದ ಭಾಗಿಸಿದರೆ, ಒಂದು ಪ್ಯಾಂಟು ಸರಾಸರಿ ಎಷ್ಟು ದಿನ ಒಳಗಿರುತ್ತದೆಂದು ಸಿಗುತ್ತದೆ. ಕಟಿಂಗ್‌ನಿಂದ ಪ್ಯಾಕಿಂಗ್‌ವರೆಗೆ 1,200 ಪ್ಯಾಂಟು, ದಿನಕ್ಕೆ 200 ಹೊರಗೆ ಎಂದರೆ 6 ದಿನ. ವಾಷಿಂಗ್ 200ನ್ನು ದಾಟದಿರುವಾಗ ಕಟಿಂಗ್ ಮಾಸ್ಟರ್ ದಿನಕ್ಕೆ 300 ಕತ್ತರಿಸಿದರೆ, ಆರೇ ದಿನದಲ್ಲಿ ರಾಶಿ 1,800. ಆಗ ಹೊಸದಾಗಿ ಒಳಬಂದ ಪ್ಯಾಂಟಿಗೆ 9 ದಿನ ಬೇಕು. ಕಟಿಂಗ್ ಜೋರಾದಷ್ಟೂ ಆರ್ಡರ್ ತಡ! ವಾಷಿಂಗ್ ಮುಂದೆ ಇಂತಿಷ್ಟು ದಾಟಿದರೆ ಕಟಿಂಗ್ ನಿಲ್ಲಿಸಬೇಕು ಎಂಬ ಮಿತಿಯೇ, ಒಳಗಿರುವ ಕೆಲಸ ಮಿತಿಮೀರದಂತೆ ನೋಡಿಕೊಳ್ಳುವ ಕಾನ್‌ಬಾನ್ ವಿಧಾನದ ಜೀವಾಳ.

ಎಣಿಕೆ ತಪ್ಪುವುದು ಎರಡು ಕಡೆ. ಒಳಗಿನದನ್ನು ಬಂಡಲ್‌ನಲ್ಲಿ, ಹೊರಗಿನದನ್ನು ಪೀಸ್‌ನಲ್ಲಿ ಎಣಿಸುತ್ತಾರೆ. ಶೇಡ್ ಕೂಡದೆ ಮತ್ತೆ ವಾಷಿಂಗ್‌ಗೆ ಹೋದ ಪೀಸನ್ನು ಎರಡು ಸಲ ಹೊರಗೆ ಹೋಯಿತೆಂದು ಬರೆಯುತ್ತಾರೆ. ದಿನ ಕಡಿಮೆ ಕಾಣುತ್ತದೆ.

ಆಮೇಲೆ 2001ರಲ್ಲಿ 17 ಮಂದಿ ಸೇರಿ ಬರೆದ ಅಜೈಲ್ ಪ್ರಣಾಳಿಕೆ. ಹತ್ತು ನಿಮಿಷದ ಓದು, ಆದರೆ ಕೊನೆಯ ಸಾಲು ಬಿಡಬೇಡಿ. ಯೋಜನೆ, ದಾಖಲೆಗಳಿಗೂ ಬೆಲೆ ಇದೆ ಎಂದು ಅದು ಹೇಳುತ್ತದೆ. ಅದನ್ನು ಓದದವರೇ 'ಅಜೈಲ್ ಅಂದರೆ ಪ್ಲಾನ್ ಬೇಡ' ಎನ್ನುವುದು. ಸ್ಕ್ರಮ್ ಎಂದರೆ ಸಣ್ಣ ತಂಡ ಕೆಲವೇ ವಾರಗಳ ಸುತ್ತುಗಳಲ್ಲಿ ಕೆಲಸ ಮಾಡುವ ಅಜೈಲ್ ಪದ್ಧತಿ. ಅದರ 2020ರ ಸ್ಕ್ರಮ್ ಗೈಡ್ ಪುಕ್ಕಟೆ ಸಿಗುತ್ತದೆ, ಹದಿಮೂರು–ಹದಿನಾಲ್ಕು ಪುಟ. ಹೊಸ ಡಿಸೈನ್ ಮಾಡುವವರಿಗೆ ಅದು ಒಪ್ಪೀತು. ಹೊಲಿಗೆ ಲೈನಿಗೆ ಕಾನ್‌ಬಾನೇ ಸರಿ ಎಂಬುದು ನನ್ನ ಅಭಿಪ್ರಾಯ.

ದಿನಕ್ಕೆ ಮೂರೇ ಪುಟ ಸಾಕು. ಮುಚ್ಚಿಟ್ಟು, ನೋಡದೆ, ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಬ್ಯಾಕ್‌ಲಾಗ್‌ನಂಥ (ಮಾಡಬೇಕಾದ ಕೆಲಸಗಳ ಪಟ್ಟಿ) ಪದ ಹಾಗೇ ಇರಲಿ, ಪಕ್ಕದಲ್ಲಿ ನಿಮ್ಮ ಘಟಕದಲ್ಲಿ ಅದು ಯಾವುದೆಂದು ಬರೆಯಿರಿ. ಬರೆಯಲು ಬಾರದಿದ್ದರೆ ಆ ಪುಟ ಅರ್ಥವಾಗಿಲ್ಲ. ಮರುದಿನ ಅದನ್ನೇ ಓದಿ. ಒಳಗಿರುವ ಮಾಲಿನ ಎಣಿಕೆಯನ್ನು ಸೋಮವಾರ ಬೆಳಿಗ್ಗೆ, ಕಟಿಂಗ್ ಶುರುವಾಗುವ ಮುಂಚೆ ತೆಗೆಯಿರಿ. ಎರಡು ವಾರದ ಲೆಕ್ಕ ಕಳುಹಿಸಿದರೆ ಕೂತು ನೋಡುತ್ತೇವೆ.