ಲೇಔಟ್ ಅಪ್ರೂವ್ ಆಗಿದೆ ಸರಿ, ನೀರು ಹರಿದು ಎಲ್ಲಿಗೆ ಹೋಗತ್ತೆ?

ಪ್ರಶ್ನೆ: ನಮಸ್ಕಾರ ಸರ್, ನಾನು ದಾವಣಗೆರೆ ಕಡೆಯವಳು, ಹೈಸ್ಕೂಲ್ ಟೀಚರ್. ಊರ ಹೊರಗಡೆ ಒಂದು ಪ್ರೈವೇಟ್ ಲೇಔಟ್‌ನಲ್ಲಿ 30-40 ಸೈಟ್ ನೋಡಿದೀವಿ. ಡಿಸಿ ಕನ್ವರ್ಷನ್ ಆಗಿದೆ, ಪ್ರಾಧಿಕಾರದ ಅಪ್ರೂವಲ್ ಕಾಪಿನೂ ತೋರಿಸಿದ್ರು, ಆದ್ರೆ ಅದ್ರಲ್ಲಿ ತಾತ್ಕಾಲಿಕ ಅನುಮೋದನೆ ಅಂತ ಇದೆ. ಇಂಜಿನಿಯರ್ ಬಂದು ನೋಡಿ ಸೈನ್ ಹಾಕೋದೊಂದು ಬಾಕಿ, ಅದು ಬರೀ ಫಾರ್ಮಾಲಿಟಿ ಅಂತಾರೆ ಬ್ರೋಕರ್. ನಮ್ಮೆಜಮಾನ್ರು ಅಡ್ವಾನ್ಸ್ ಕೊಟ್ಬಿಡೋಣ ಅಂತಿದಾರೆ. ಇಂಜಿನಿಯರ್ ಏನು ನೋಡ್ತಾರೆ, ನಾವೇನು ನೋಡ್ಬೇಕು?

ಉತ್ತರ: ಮೇಡಂ, ಅಡ್ವಾನ್ಸ್ ಸ್ವಲ್ಪ ತಡೀರಿ. ಬ್ರೋಕರ್ ಫಾರ್ಮಾಲಿಟಿ ಅಂದಿದ್ದೇ ಇದ್ರಲ್ಲಿ ಮುಖ್ಯವಾದ ಕೆಲಸ.

ಕನ್ವರ್ಷನ್ ಅನ್ನೋದು 1964ರ ಭೂ ಕಂದಾಯ ಕಾಯ್ದೆ 95ನೇ ಸೆಕ್ಷನ್ ಪ್ರಕಾರ, ಹೊಲನ ಬೇರೆ ಕೆಲಸಕ್ಕೆ ಬಳಸ್ಬಹುದು ಅಂತ ಕೊಡೋ ಅನುಮತಿ ಅಷ್ಟೇ. ಲೇಔಟ್ ಪ್ಲಾನ್ ಮಂಜೂರಾತಿ ಬೇರೆ, ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ 17ನೇ ಸೆಕ್ಷನ್‌ದು. ತಾತ್ಕಾಲಿಕ ಅಂದ್ರೆ ನಕ್ಷೆ ಒಪ್ಪಿದೀವಿ, ಈಗ ರಸ್ತೆ, ಚರಂಡಿ, ಯುಜಿಡಿ (ನೆಲದಡಿಯ ಒಳಚರಂಡಿ), ನೀರಿನ ಲೈನು, ಕರೆಂಟು ಎಲ್ಲ ಮಾಡಿ ತೋರ್ಸಿ ಅಂತ ಅರ್ಥ. ರಸ್ತೆ, ಪಾರ್ಕು, ಸಿಎ ಜಾಗನ (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಡೆವಲಪರ್ ಪರಿತ್ಯಾಜನ ಪತ್ರ, ಅಂದ್ರೆ ಹಕ್ಕು ಬಿಟ್ಟುಕೊಡೋ ಪತ್ರ ಮಾಡಿ ಸ್ಥಳೀಯ ಸಂಸ್ಥೆಗೆ ಬಿಟ್ಕೊಡ್ಬೇಕು, ಕೆಲಸ ಮುಗೀತಾ ಬಂದ ಹಾಗೆ ಸೈಟ್‌ಗಳನ್ನ ಹಂತ ಹಂತವಾಗಿ ರಿಲೀಸ್ ಮಾಡ್ತಾರೆ, ಅಂತಿಮ ಅನುಮೋದನೆ ಆಮೇಲೆ. ಹಾಗಾಗಿ ನೀವು ಮೊದ್ಲು ಕೇಳ್ಬೇಕಾಗಿರೋದು ನಿಮ್ಮ ಸೈಟ್ ನಂಬರ್ ರಿಲೀಸ್ ಆರ್ಡರ್‌ನಲ್ಲಿ ಇದೆಯಾ ಅಂತ. ಇಲ್ಲ ಅಂದ್ರೆ ಕಾಯಿರಿ.

ಇನ್ನು ಇಂಜಿನಿಯರ್ ನೋಡೋದು. ರಸ್ತೆ ಅಗಲ ಟೇಪ್ ಹಿಡಿದ್ರೆ ಗೊತ್ತಾಗತ್ತೆ, ಕಾಂಕ್ರೀಟ್ ಗಟ್ಟಿ ಇದೆಯಾ ಅನ್ನೋದಕ್ಕೆ ಕ್ಯೂಬ್ ಟೆಸ್ಟ್ ಇದೆ, ಅಂದ್ರೆ ಕಾಂಕ್ರೀಟ್ ತುಂಡನ್ನ ಒತ್ತಿ ಒಡೆದು ನೋಡೋದು, ಎಂ20 ದರ್ಜೆ ಕಾಂಕ್ರೀಟ್ ಆದ್ರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಬರ್ಬೇಕು, ರಿಪೋರ್ಟ್ ಕೇಳಿ ನೋಡ್ಬಹುದು. ಕಣ್ಣಿಗೆ ಕಾಣದೇ ಇರೋದು ಲೆವೆಲ್ಲು, ಅಂದ್ರೆ ಯಾವುದು ಎಷ್ಟು ಎತ್ತರದಲ್ಲಿದೆ, ಎಷ್ಟು ತಗ್ಗಲ್ಲಿದೆ ಅನ್ನೋದು. ನಾನು ಇಷ್ಟು ವರ್ಷದಲ್ಲಿ ನೋಡಿದ ಲೇಔಟ್ ಜಗಳಗಳಲ್ಲಿ ಮುಕ್ಕಾಲು ಪಾಲು ಅದ್ರದ್ದೇ.

ಒಂದು ಲೇಔಟ್ ವಿಷಯ ಹೇಳ್ತೀನಿ, ಊರು ಬೇಡ. ಡ್ರಾಯಿಂಗ್ ಚೆನ್ನಾಗಿತ್ತು, ಸೀಲ್ ಎಲ್ಲ ಬಿದ್ದಿತ್ತು, ಡಾಂಬರು ಹೊಳೀತಿತ್ತು. ಜನ ಮನೆ ಕಟ್ಟಿ ಹತ್ತು ಹನ್ನೆರಡು ಕುಟುಂಬ ಬಂದ ಮೇಲೆ ಬಾತ್‌ರೂಮಲ್ಲಿ ನೀರು ವಾಪಸ್ ಬರೋಕೆ ಶುರು ಆಯ್ತು. ನಾನು ಹೋಗಿ ಲೆವೆಲ್ ಹಿಡಿದು ನೋಡಿದ್ರೆ ಲೇಔಟಿನ ಕೊನೇ ಚೇಂಬರಿನ ತಳ ಊರಿನ ಮೇನ್ ಲೈನ್ ತಳಕ್ಕಿಂತ ಒಂದೂವರೆ ಅಡಿ ಕೆಳಗಿತ್ತು. ಹೋಗೋ ನೀರು ಮೇಲಕ್ಕೆ ಹತ್ತತ್ತಾ? ಒಳಗಿನ ಪೈಪಿಗೆಲ್ಲ ಸ್ಲೋಪ್ ಸರಿ ಇತ್ತು, ಹೊರಗಿನ ಮ್ಯಾನ್‌ಹೋಲ್ ತೆಗೆದು ಲೆವೆಲ್ ತಗೊಳ್ಳೋದನ್ನ ಮಾತ್ರ ಯಾರೂ ಮಾಡಿರ್ಲಿಲ್ಲ. ಅವತ್ತಿಂದ ವಾರಕ್ಕೊಂದ್ಸಲ ಸಕ್ಕಿಂಗ್ ಗಾಡಿ, ದುಡ್ಡು ಮನೆಯವರ್ದೇ. ಅಲ್ಲಿ ಒಬ್ರು ಅಜ್ಜಿ ಬಕೆಟ್ ಹಿಡ್ಕೊಂಡು ನಿಂತಿದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ.

ಅದಕ್ಕೇ ನೀವು ಯುಜಿಡಿ ಡ್ರಾಯಿಂಗ್ ಕೇಳಿ ಇಸ್ಕೊಳ್ಳಿ. ಅದ್ರಲ್ಲಿ ಪ್ರತಿ ಚೇಂಬರಿಗೂ ಇನ್‌ವರ್ಟ್ ಲೆವೆಲ್ ಅಂತ ಬರ್ದಿರ್ತಾರೆ, ಅಂದ್ರೆ ಪೈಪಿನ ಒಳತಳದ ಮಟ್ಟ. ಮೇಲಿನ ಚೇಂಬರಿಂದ ಕೆಳಗಿನದಕ್ಕೆ ಆ ನಂಬರ್ ಕಮ್ಮಿ ಆಗ್ತಾ ಹೋಗ್ಬೇಕು, 100ಕ್ಕೆ 1ರ ಇಳಿಜಾರು ಅಂತ ಇದ್ರೆ 30 ಮೀಟರಿಗೆ 30 ಸೆಂಟಿಮೀಟರ್. ಕೊನೇ ಚೇಂಬರ್ ಎಲ್ಲಿಗೆ ಸೇರತ್ತೆ, ಅಲ್ಲಿನ ಲೆವೆಲ್ ಎಷ್ಟು ಅಂತ ಡ್ರಾಯಿಂಗಲ್ಲಿ ಇಲ್ಲ ಅಂದ್ರೆ ಅಲ್ಲೇ ನಿಲ್ಸಿ ಕೇಳಿ. ಹೊಸ ಲೈನಿಗೆ ಇನ್ನೊಂದು ಹಳೇ ಪರೀಕ್ಷೆ ಇದೆ, ಒಂದು ಚೇಂಬರಲ್ಲಿ ಪೈಪ್ ಬಾಯಿಗೆ ಟಾರ್ಚ್ ಹಿಡಿದು ಮುಂದಿನದ್ರಲ್ಲಿ ಕನ್ನಡಿ ಇಟ್ಟು ನೋಡೋದು. ಬೆಳಕು ಹುಣ್ಣಿಮೆ ಚಂದ್ರನ ಥರ ದುಂಡಗೆ ಕಾಣ್ಬೇಕು, ಅರ್ಧಚಂದ್ರ ಕಂಡ್ರೆ ಮಧ್ಯ ಎಲ್ಲೋ ಪೈಪ್ ಕೂತಿದೆ ಅಥವಾ ಮಣ್ಣು ತುಂಬಿದೆ. ಇದನ್ನ ಪ್ರಾಧಿಕಾರದ ಇಂಜಿನಿಯರ್ ಇನ್‌ಸ್ಪೆಕ್ಷನ್‌ಗೆ ಬಂದಾಗ ಅವರ ಕೈಲೇ ಮಾಡ್ಸಿ, ಡಾಂಬರ್ ಹಾಕೋಕೆ ಮುಂಚೆ. ಬಳಕೆಯಲ್ಲಿರೋ ಮ್ಯಾನ್‌ಹೋಲ್ ಮಾತ್ರ ನೀವಾಗ್ಲಿ ಕೂಲಿಯವರಾಗ್ಲಿ ತೆಗೆಯೋದು, ಇಳಿಯೋದು ಬೇಡವೇ ಬೇಡ, ವಿಷಗಾಳಿಗೆ ಜೀವ ಹೋಗತ್ತೆ, ಸುರಕ್ಷತಾ ಸಾಧನ ಇಲ್ಲದೆ ಇಳಿಸೋದು ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಅಪರಾಧ ಕೂಡ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ನೋಡಿದ್ರಾ? 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ಆದ್ರೆ ರಿಜಿಸ್ಟ್ರೇಷನ್ ಆಗ್ದೆ ಮಾರೋ ಹಾಗಿಲ್ಲ. ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಆ ಪ್ರಾಜೆಕ್ಟ್ ಹುಡ್ಕಿ, ಮಂಜೂರಾದ ಪ್ಲಾನ್‌ನ ನಿಮಗೆ ಕೊಟ್ಟ ಕಾಪಿ ಪಕ್ಕ ಇಟ್ಟು ನೋಡಿ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕೆಲಸದ ಗುಣಮಟ್ಟದಲ್ಲಿ, ಸೌಲಭ್ಯದಲ್ಲಿ ದೋಷ ಕಂಡ್ರೆ ಡೆವಲಪರ್ ತನ್ನ ಖರ್ಚಲ್ಲೇ 30 ದಿನದಲ್ಲಿ ಸರಿ ಮಾಡ್ಬೇಕು, ಅದು ರೇರಾ ಕಾಯ್ದೆಯ 14ನೇ ಸೆಕ್ಷನ್. ಆ ಅಜ್ಜಿ ಲೇಔಟಿನವ್ರಿಗೆ ಇದು ಗೊತ್ತಾಗೋಷ್ಟ್ರಲ್ಲಿ ಆರನೇ ವರ್ಷ ನಡೀತಿತ್ತು.

ಪ್ರಶ್ನೆ: ಸರ್, ಬೆಂಗಳೂರು ಪೂರ್ವದಲ್ಲಿ ನಮ್ಮಣ್ಣ ಸೈಟ್ ನೋಡಿದಾನೆ. ಪಕ್ಕದಲ್ಲಿ ಒಣಗಿದ ಮೋರಿ ಥರ ಇದೆ, ಅದು ರಾಜಕಾಲುವೆ ಅಲ್ಲ ಅಂತಾರೆ ಮಾರೋರು. ನಂಬ್ಬಹುದಾ?

ಉತ್ತರ: ಬಾಯಿ ಮಾತು ನಂಬ್ಬೇಡಿ, ಗ್ರಾಮ ನಕ್ಷೆ ನೋಡಿ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಬಫರ್, ಅಂದ್ರೆ ಸುತ್ತ ಏನೂ ಕಟ್ಟದೆ ಬಿಡಬೇಕಾದ ಜಾಗ ಅಂದಿತ್ತು, 2019ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಆಗ ಮತ್ತೆ ಲೆಕ್ಕಕ್ಕೆ ಬಂದಿದ್ದು ಬೆಂಗಳೂರಿನ ಮಾಸ್ಟರ್ ಪ್ಲಾನ್ 2015, ಕೆರೆಗೆ 30 ಮೀಟರ್, ಕಾಲುವೆಗೆ ದರ್ಜೆ ನೋಡ್ಕೊಂಡು 50, 25, 15 ಮೀಟರ್, ಅದೂ ಕಾಲುವೆ ಮಧ್ಯದಿಂದ ಅಳೆಯೋದು. ನಿಮ್ಮದಕ್ಕೆ ಈಗ ಎಷ್ಟು ಅನ್ವಯ ಅಂತ ಪ್ರಾಧಿಕಾರದಿಂದ ಲಿಖಿತವಾಗೇ ತಗೊಳ್ಳಿ. ಒಣಗಿದೆ ಅನ್ನೋದಕ್ಕೆ ಏನೂ ಅರ್ಥ ಇಲ್ಲ, 2022ರ ಸೆಪ್ಟೆಂಬರಲ್ಲಿ ಮಹದೇವಪುರ ಕಡೆ ಮನೆಗಳಿಂದ ಜನರನ್ನ ದೋಣಿ, ಟ್ರ್ಯಾಕ್ಟರಲ್ಲಿ ಕರ್ಕೊಂಡು ಬಂದಿದ್ದು ನೀವೂ ಟಿವಿಲಿ ನೋಡಿರ್ತೀರಿ. ನಕ್ಷೆಲಿ ಆ ಗೆರೆ ಇದ್ರೆ ಸರ್ವೆಗೆ ಅರ್ಜಿ ಹಾಕ್ಸಿ, ಸರ್ವೇಯರ್ ಕಲ್ಲು ಹುಡ್ಕಿ ಗುರುತು ಮಾಡೋ ದಿನ ನಿಮ್ಮಣ್ಣ ಅಲ್ಲೇ ನಿಂತಿರ್ಲಿ, ಫೋಟೋ ತೆಗೆದು ಸ್ಕೆಚ್ ಕಾಪಿ ಜೊತೆ ಇಟ್ಕೊಳ್ಳಲಿ.