ಸೆಲ್ಟಿಕ್‌ನ ಹಳೆಯ ಆಟಗಾರರು: ಒಂದೇ ಹೆಸರಿಗೆ ಮೂರು ಲೆಕ್ಕ ಏಕೆ?

ಗ್ಲಾಸ್ಗೋ ನಗರದ ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ಬಿನ ಹಿಂದಿನ ಆಟಗಾರರ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಅಂಕಿ-ಅಂಶದ ತಕರಾರುಗಳೇ ಹೆಚ್ಚು. ಆದ್ದರಿಂದ ಅಲ್ಲಿಂದಲೇ ಶುರು.

ಪ್ರಶ್ನೆ: ಜಿಮ್ಮಿ ಮೆಕ್‌ಗ್ರೋರಿ ಸೆಲ್ಟಿಕ್ ಪರ ಎಷ್ಟು ಗೋಲು ಹೊಡೆದರು? ಒಂದು ಕಡೆ 550, ಇನ್ನೊಂದು ಕಡೆ 468, ಮತ್ತೊಂದು ಕಡೆ 410 ಎಂದಿದೆ. (ಶಿವಮೊಗ್ಗದ ಓದುಗರು)

ಮೂರೂ ಸುಳ್ಳಲ್ಲ. ಒಂದೊಂದೂ ಬೇರೆ ಬೇರೆ ಪಂದ್ಯಗಳನ್ನು ಕೂಡಿ ಬಂದ ಮೊತ್ತ. ನೀವು ಕೇಳಿರುವುದು ಸೆಲ್ಟಿಕ್ ಪರ ಎಷ್ಟು ಎಂದು, ಹಾಗಾಗಿ ಉತ್ತರ 468. ಆಡಿದ ಪಂದ್ಯ 445. ಅದರಲ್ಲಿ ಲೀಗ್ ಪಂದ್ಯ 378, ಸ್ಕಾಟಿಷ್ ಕಪ್ ಪಂದ್ಯ 67.

410 ಎನ್ನುವುದು ಅವರ ಇಡೀ ಆಟದ ಬದುಕಿನ ಲೀಗ್ ಗೋಲುಗಳ ಮೊತ್ತ. 1923–24ರಲ್ಲಿ ಸೆಲ್ಟಿಕ್ ಅವರನ್ನು ಕ್ಲೈಡ್‌ಬ್ಯಾಂಕ್ ತಂಡಕ್ಕೆ ಎರವಲು ಕೊಟ್ಟಿತ್ತು. ಅಲ್ಲಿ ಹೊಡೆದ 13 ಗೋಲುಗಳೂ ಇದರಲ್ಲಿ ಸೇರಿವೆ. ಇದನ್ನೇ 408 ಎಂದು ಬರೆಯುವ ಪಟ್ಟಿಗಳೂ ಇವೆ. ಗೋಲುಗಂಬದ ಮುಂದೆ ನೂಕುನುಗ್ಗಲಿನಲ್ಲಿ ಚೆಂಡು ಒಳಹೋದಾಗ ಅದು ಯಾರ ಗೋಲು ಎಂದು ಆ ಕಾಲದಲ್ಲಿ ಹೆಚ್ಚಾಗಿ ತೀರ್ಮಾನಿಸುತ್ತಿದ್ದವರು ಪತ್ರಿಕಾ ವರದಿಗಾರರು. ಎರಡು ಪತ್ರಿಕೆ ಎರಡು ಹೆಸರು ಬರೆದರೆ ಎರಡು ಲೆಕ್ಕ ಹುಟ್ಟುತ್ತಿತ್ತು. 550ರಲ್ಲಿ ಕ್ಲೈಡ್‌ಬ್ಯಾಂಕ್, ಸ್ಕಾಟ್ಲೆಂಡ್ ತಂಡ, ಲೀಗಿನ ಆಯ್ದ ತಂಡ, ಗ್ಲಾಸ್ಗೋದ ಸ್ಥಳೀಯ ಕಪ್‌ಗಳು ಎಲ್ಲವನ್ನೂ ಸೇರಿಸಿದ್ದಾರೆ.

ಇದರ ಬೆನ್ನಿಗೇ ಇನ್ನೊಂದು ತಪ್ಪು ಆಗುತ್ತದೆ. 1967ರ ತಂಡದ ನಾಯಕ ಬಿಲ್ಲಿ ಮೆಕ್‌ನೀಲ್ 790 ಪಂದ್ಯ, ಮೆಕ್‌ಗ್ರೋರಿ ಬರೀ 445 ಎಂದು ಹೋಲಿಸುವವರಿದ್ದಾರೆ. ಮೆಕ್‌ನೀಲ್ ಅವರ 790ರಲ್ಲಿ ಲೀಗ್ ಪಂದ್ಯ 486 ಮಾತ್ರ. ಉಳಿದ 304 ಸ್ಕಾಟಿಷ್ ಕಪ್, ಲೀಗ್ ಕಪ್ ಮತ್ತು ಯುರೋಪಿನ ಪಂದ್ಯಗಳಿಂದ ಬಂದವು. ಸ್ಕಾಟಿಷ್ ಲೀಗ್ ಕಪ್ ಅಧಿಕೃತವಾಗಿ ಶುರುವಾದದ್ದು 1946–47ರಲ್ಲಿ. ಸೆಲ್ಟಿಕ್ ಯುರೋಪಿನ ಟೂರ್ನಿಗೆ ಮೊದಲು ಇಳಿದದ್ದು 1962ರಲ್ಲಿ. ಮೆಕ್‌ಗ್ರೋರಿ 1937ರಲ್ಲೇ ಬೂಟು ಬಿಚ್ಚಿಟ್ಟಿದ್ದರು. ಅವರು ಆಡಿದ ಗ್ಲಾಸ್ಗೋ ಕಪ್, ಗ್ಲಾಸ್ಗೋ ಚಾರಿಟಿ ಕಪ್ ಪಂದ್ಯಗಳು ಆಗ ಸಾವಿರಾರು ಜನ ಸೇರುತ್ತಿದ್ದ ಜಿದ್ದಾಜಿದ್ದಿನ ಪಂದ್ಯಗಳೇ ಆಗಿದ್ದರೂ ಇಂದಿನ ಪಟ್ಟಿಗೆ ಬರುವುದಿಲ್ಲ. ಬೇರೆ ಬೇರೆ ಕಾಲದ ಇಬ್ಬರನ್ನು ತೂಗಬೇಕೆಂದರೆ ಲೀಗ್ ಪಂದ್ಯಗಳನ್ನಷ್ಟೇ ಎದುರುಬದುರು ಇಡಿ. ಇಲ್ಲವೇ ಪಂದ್ಯಕ್ಕೆ ಎಷ್ಟು ಗೋಲು ಎಂದು ಭಾಗಿಸಿ. ಮೆಕ್‌ಗ್ರೋರಿ ಲೆಕ್ಕ ಪಂದ್ಯಕ್ಕೆ 1.05. 1997ರಲ್ಲಿ ಬಂದ ಸ್ವೀಡನ್‌ನ ಹೆನ್ರಿಕ್ ಲಾರ್ಸನ್ ಅವರದು 315 ಪಂದ್ಯಕ್ಕೆ 242, ಅಂದರೆ 0.77. ಈ ಅಂತರ ಕಂಡು ಲಾರ್ಸನ್ ಕಡಿಮೆ ಎನ್ನುವುದು ಬೇಡ. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾದ ಮೇಲೆ ಎಲ್ಲ ತಂಡಗಳ ಗೋಲುಗಳೂ ಏರಿದ್ದವು. ಮೆಕ್‌ಗ್ರೋರಿ 1928ರ ಜನವರಿಯಲ್ಲಿ ಡನ್‌ಫರ್ಮ್‌ಲಿನ್ ವಿರುದ್ಧದ 9–0 ಪಂದ್ಯದಲ್ಲಿ ಒಬ್ಬರೇ 8 ಗೋಲು ಹೊಡೆದದ್ದೂ ಆ ಕಾಲದಲ್ಲೇ.

ಪ್ರಶ್ನೆ: ಜಿಮ್ಮಿ ಡೆಲೇನಿ 1933ರಿಂದ 1946ರವರೆಗೆ ಸೆಲ್ಟಿಕ್‌ನಲ್ಲಿದ್ದರಂತೆ. ಹದಿಮೂರು ವರ್ಷಕ್ಕೆ ಪಂದ್ಯಗಳು ಇಷ್ಟು ಕಡಿಮೆ ಏಕೆ? (ಮಂಗಳೂರಿನ ಓದುಗರು)

ಕಾರಣ ಎರಡು. 1939ರ ಏಪ್ರಿಲ್‌ನಲ್ಲಿ ಆರ್‌ಬ್ರೋತ್ ವಿರುದ್ಧ ಆಡುವಾಗ ಅವರ ತೋಳಿನ ಮೂಳೆ ಪುಡಿಯಾಯಿತು, ಎರಡು ವರ್ಷಕ್ಕೂ ಹೆಚ್ಚು ಕಾಲ ಆಟವಿಲ್ಲ. ಅಷ್ಟರಲ್ಲಿ ಯುದ್ಧ ಬಂತು. 1939–40ರ ಲೀಗ್ ಐದೇ ಸುತ್ತಿಗೆ ನಿಂತು, ಆ ಫಲಿತಾಂಶಗಳೂ ಲೆಕ್ಕದಿಂದ ಬಿಟ್ಟುಹೋದವು. 1946ರ ಬೇಸಿಗೆಯವರೆಗೆ ನಡೆದ ಪ್ರಾದೇಶಿಕ ಲೀಗ್‌ಗಳು ಅಧಿಕೃತವಲ್ಲ.

ಮೊದಲ ಮಹಾಯುದ್ಧಕ್ಕೂ ಇದೇ ಸೂತ್ರ ಹಚ್ಚಿದರೆ ಎಡವುತ್ತೀರಿ. ಇಂಗ್ಲೆಂಡ್ ಆಗ ತನ್ನ ಲೀಗನ್ನು 1915ರಲ್ಲಿ ನಿಲ್ಲಿಸಿತು. ಸ್ಕಾಟ್ಲೆಂಡ್ ಕಪ್ಪನ್ನು ನಿಲ್ಲಿಸಿ ಲೀಗನ್ನು ನಡೆಸುತ್ತಲೇ ಹೋಯಿತು, ಆ ಪಂದ್ಯಗಳೆಲ್ಲ ಲೆಕ್ಕಕ್ಕೆ ಸೇರುತ್ತವೆ.

ಡೆಲೇನಿ ಅವರ ಹೆಚ್ಚುಗಾರಿಕೆ ಪಂದ್ಯಗಳ ಸಂಖ್ಯೆಯಲ್ಲಿಲ್ಲ, ಕಪ್‌ಗಳಲ್ಲಿದೆ. 1937ರಲ್ಲಿ ಸೆಲ್ಟಿಕ್ ಜೊತೆ ಸ್ಕಾಟಿಷ್ ಕಪ್, 1948ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ಎಫ್‌.ಎ. ಕಪ್, 1954ರಲ್ಲಿ ಡೆರಿ ಸಿಟಿ ಜೊತೆ ಉತ್ತರ ಐರ್ಲೆಂಡಿನ ಐರಿಷ್ ಕಪ್. 1956ರಲ್ಲಿ ಕಾರ್ಕ್ ಅಥ್ಲೆಟಿಕ್ ಜೊತೆ ಐರ್ಲೆಂಡ್ ಗಣರಾಜ್ಯದ ಕಪ್ ಫೈನಲ್ಲಿಗೂ ಬಂದು ಸೋತರು. ಮುರಿದ ತೋಳಿನ ಆಟಗಾರನನ್ನು 4,000 ಪೌಂಡಿಗೆ ಕೊಂಡ ಯುನೈಟೆಡ್ ಮ್ಯಾನೇಜರ್ ಮ್ಯಾಟ್ ಬಸ್ಬಿಗೆ ಅದು ಲಾಭದ ವ್ಯಾಪಾರವೇ.

ಪ್ರಶ್ನೆ: ಭಾರತದ ಮೊಹಮ್ಮದ್ ಸಲೀಂ ಸೆಲ್ಟಿಕ್‌ಗೆ ಬರಿಗಾಲಲ್ಲಿ ಆಡಿದ್ದು ನಿಜವೇ? ನಿಜವಾದರೆ ಕ್ಲಬ್ಬಿನ ಆಟಗಾರರ ಪಟ್ಟಿಯಲ್ಲಿ ಅವರ ಹೆಸರು ಏಕಿಲ್ಲ? (ಬೆಂಗಳೂರಿನ ಓದುಗರು)

ನಿಜ. ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದ ಸಲೀಂ 1936ರಲ್ಲಿ ಗ್ಲಾಸ್ಗೋಗೆ ಹೋಗಿ ಸೆಲ್ಟಿಕ್‌ನಲ್ಲಿ ಪರೀಕ್ಷಾರ್ಥವಾಗಿ ಎರಡು ಪಂದ್ಯ ಆಡಿದರು, ಹ್ಯಾಮಿಲ್ಟನ್ ವಿರುದ್ಧ ಒಂದು, ಗ್ಯಾಲ್‌ಸ್ಟನ್ ವಿರುದ್ಧ ಇನ್ನೊಂದು. ಕಾಲಿಗೆ ಬೂಟಿಲ್ಲ, ಬ್ಯಾಂಡೇಜು ಮಾತ್ರ. ಸಲೀಂ ಪಾದಕ್ಕೆ ತರಬೇತುದಾರ ಜಿಮ್ಮಿ ಮೆಕ್‌ಮೆನೆಮಿ ಬಟ್ಟೆ ಸುತ್ತುತ್ತಿರುವ ಫೋಟೊ ಪ್ರಸಿದ್ಧ. ಈ ಮೆಕ್‌ಮೆನೆಮಿ ಸ್ವತಃ ಸೆಲ್ಟಿಕ್‌ನ ಮಹಾನ್ ಆಟಗಾರ ಎಂಬುದು ಆ ಫೋಟೊ ನೋಡುವವರಲ್ಲಿ ಹಲವರಿಗೆ ಗೊತ್ತಿರುವುದಿಲ್ಲ.

ಆದರೆ ಆ ಎರಡೂ ಮೀಸಲು ತಂಡದ ಮಟ್ಟದ ಪಂದ್ಯಗಳು. ಕ್ಲಬ್ಬಿನ ಪಟ್ಟಿಗೆ ಸೇರಲು ಮೊದಲ ತಂಡದ ಅಧಿಕೃತ ಸ್ಪರ್ಧೆಯಲ್ಲಿ ಕನಿಷ್ಠ ಒಂದು ಸಲ ಆಡಿರಬೇಕು. ಸಲೀಂ ಸೀಸನ್ ಪೂರ್ತಿ ಉಳಿಯದೆ ಊರಿಗೆ ಮರಳಿದರು. ಹೀಗಾಗಿ ಅವರ ಹೆಸರು ಪಟ್ಟಿಯ ಹೊರಗೆ, ಚರಿತ್ರೆಯ ಒಳಗೆ. ಅವರನ್ನು ‘ಸೆಲ್ಟಿಕ್ ಮೊದಲ ತಂಡದ ಆಟಗಾರ’ ಎಂದು ಬರೆಯುವುದು ತಪ್ಪು, ಯುರೋಪಿನ ಕ್ಲಬ್ಬಿಗೆ ಆಡಿದ ಮೊದಲ ಭಾರತೀಯ ಎಂಬ ಮಾತಿಗೆ ಅಡ್ಡಿಯಿಲ್ಲ.

ಪ್ರಶ್ನೆ: 1967ರಲ್ಲಿ ಯುರೋಪಿಯನ್ ಕಪ್ ಗೆದ್ದ ಹನ್ನೊಂದು ಮಂದಿ ಎಲ್ಲರೂ ಸೆಲ್ಟಿಕ್‌ನಲ್ಲೇ ಬೆಳೆದವರೇ? ಆಮೇಲೆ ಏನಾದರು? (ಹುಬ್ಬಳ್ಳಿಯ ಓದುಗರು)

ಎಲ್ಲರೂ ಸೆಲ್ಟಿಕ್ ಮೈದಾನದಿಂದ 30 ಮೈಲಿ ಒಳಗೆ ಹುಟ್ಟಿದವರು, ಅದು ಸರಿ. ಆದರೆ ಎಲ್ಲರೂ ಅಲ್ಲೇ ಬೆಳೆದವರಲ್ಲ. ವಿಲ್ಲಿ ವಾಲೇಸ್ ಫೈನಲ್ಲಿಗೆ ಆರು ತಿಂಗಳ ಮುಂಚೆಯಷ್ಟೇ ಹಾರ್ಟ್ಸ್ ತಂಡದಿಂದ 30,000 ಪೌಂಡಿಗೆ ಬಂದವರು. ಬರ್ಟಿ ಆಲ್ಡ್ 1961ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ 1965ರಲ್ಲಿ ಮರಳಿದವರು.

ಗೋಲ್‌ಕೀಪರ್ ರಾನಿ ಸಿಂಪ್ಸನ್ ಅವರದಂತೂ ಒಂದೇ ಜನ್ಮದಲ್ಲಿ ಎರಡು ಆಯುಷ್ಯ. 1945ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಕ್ವೀನ್ಸ್ ಪಾರ್ಕ್ ಪರ ಇಳಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ತಂಡದಲ್ಲಿದ್ದರು. ಥರ್ಡ್ ಲಾನಾರ್ಕ್ ಮೂಲಕ ನ್ಯೂಕ್ಯಾಸಲ್ ಸೇರಿ 1952 ಮತ್ತು 1955ರಲ್ಲಿ ಎಫ್.ಎ. ಕಪ್ ಗೆದ್ದರು. ಆಮೇಲೆ ಹಿಬರ್ನಿಯನ್. ಅಲ್ಲಿ ಮ್ಯಾನೇಜರ್ ಆಗಿದ್ದ ಜಾಕ್ ಸ್ಟೀನ್ 1964ರಲ್ಲಿ ಇವರನ್ನು ಸೆಲ್ಟಿಕ್‌ಗೆ ಮಾರಿದರು. ಮರುವರ್ಷ ಸ್ಟೀನ್ ತಾವೇ ಸೆಲ್ಟಿಕ್‌ಗೆ ಮ್ಯಾನೇಜರ್ ಆಗಿ ಬಂದಾಗ ಅಲ್ಲಿ ಎದುರಾದವರು ಇದೇ ಸಿಂಪ್ಸನ್! ಸ್ಕಾಟ್ಲೆಂಡ್ ಪರ ಮೊದಲ ಪಂದ್ಯ 36ನೇ ವಯಸ್ಸಿನಲ್ಲಿ, 1967ರ ಏಪ್ರಿಲ್‌ನಲ್ಲಿ, ವೆಂಬ್ಲಿಯಲ್ಲಿ ವಿಶ್ವಚಾಂಪಿಯನ್ ಇಂಗ್ಲೆಂಡನ್ನು 3–2ರಿಂದ ಸೋಲಿಸಿದ ದಿನ. ಮುಂದಿನ ತಿಂಗಳು ಲಿಸ್ಬನ್‌ನಲ್ಲಿ ಯುರೋಪಿಯನ್ ಕಪ್ ಫೈನಲ್.

ನಂತರದ ಬದುಕು ಒಬ್ಬೊಬ್ಬರದು ಒಂದೊಂದು ದಾರಿ. ಬಾಬಿ ಮರ್ಡೋಕ್ 1973ರಲ್ಲಿ ಯಾವ ಹಣವೂ ಇಲ್ಲದೆ ಮಿಡಲ್ಸ್‌ಬರೋಗೆ ಹೋಗಿ ಮೊದಲ ಸೀಸನ್ನಿನಲ್ಲೇ ತಂಡವನ್ನು ಮೇಲಿನ ಡಿವಿಷನ್‌ಗೆ ಏರಿಸಲು ನೆರವಾದರು. ಟಾಮಿ ಗೆಮೆಲ್ ಅದೇ ವರ್ಷ ಡಂಡೀ ನಾಯಕನಾಗಿ ಲೀಗ್ ಕಪ್ ಫೈನಲ್‌ನಲ್ಲಿ ಸೆಲ್ಟಿಕ್ಕನ್ನೇ 1–0ರಿಂದ ಸೋಲಿಸಿದರು. ಜಿಮ್ ಕ್ರೇಗ್ ಆಡುವಾಗಲೇ ದಂತವೈದ್ಯ. ಅಭಿಮಾನಿಗಳು 2002ರಲ್ಲಿ ಕ್ಲಬ್ಬಿನ ಸಾರ್ವಕಾಲಿಕ ಶ್ರೇಷ್ಠ ಎಂದು ಆರಿಸಿದ ಜಿಮ್ಮಿ ಜಾನ್‌ಸ್ಟೋನ್ 1975ರಲ್ಲಿ ಕ್ಲಬ್ ಬಿಟ್ಟ ಮೇಲೆ ಅಮೆರಿಕ, ಶೆಫೀಲ್ಡ್, ಡಂಡೀ, ಡಬ್ಲಿನ್, ಎಲ್ಗಿನ್ ಎಂದು ಸುತ್ತಿ, ಕೊನೆಗೆ ಲಾರಿ ಓಡಿಸಿ, ಕಟ್ಟಡದ ಕೆಲಸ ಮಾಡಿ ಬದುಕಿದರು. ಆಗ ಕರಾರು ಮುಗಿದರೂ ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಇರುತ್ತಿತ್ತು. ಬೆಲೆ ಹೆಚ್ಚಿದ್ದ ಹೊತ್ತಿನಲ್ಲಿ ತಾನಾಗಿ ಹೊರಟು ಹೆಚ್ಚು ಸಂಬಳ ಕೇಳುವ ದಾರಿಯೇ ಇರಲಿಲ್ಲ.

ಪ್ರಶ್ನೆ: ಲಾರ್ಸನ್‌ರನ್ನು ಸೆಲ್ಟಿಕ್ ಪುಕ್ಕಟೆಯಾಗಿ ಬಾರ್ಸಿಲೋನಾಗೆ ಬಿಟ್ಟುಕೊಟ್ಟದ್ದು ದಡ್ಡತನವಲ್ಲವೇ? (ಧಾರವಾಡದ ಓದುಗರು)

ಅಲ್ಲ. 1997ರಲ್ಲಿ ಫೆಯನೂರ್ಡ್ ಜೊತೆಗಿನ ಕರಾರಿನಲ್ಲಿದ್ದ ಬಿಡುಗಡೆ ಷರತ್ತಿನಿಂದಾಗಿ ಅವರು ಸಿಕ್ಕಿದ್ದು ಬರೀ 6.5 ಲಕ್ಷ ಪೌಂಡಿಗೆ. 1999ರ ಅಕ್ಟೋಬರ್‌ನಲ್ಲಿ ಲಿಯಾನ್‌ನಲ್ಲಿ ಕಾಲು ಮುರಿಯಿತು. 2000–01ರಲ್ಲಿ ಮರಳಿ ಬಂದು ಲೀಗಿನಲ್ಲಿ 35 ಗೋಲು ಹೊಡೆದು, ಯುರೋಪಿನ ಲೀಗ್‌ಗಳ ಅಗ್ರ ಗೋಲುಗಾರನಿಗೆ ಕೊಡುವ ಚಿನ್ನದ ಬೂಟು ಗೆದ್ದರು. ಏಳು ಸೀಸನ್ ದುಡಿಸಿಕೊಂಡು ಕರಾರು ಮುಗಿದ ದಿನ ಬಿಟ್ಟುಕೊಡುವುದು ನಷ್ಟದ ಬಾಬತ್ತಲ್ಲ.

ಕರಾರು ಮುಗಿದವನಿಗೆ ಹಣ ಕೇಳುವಂತಿಲ್ಲ ಎಂದಾದದ್ದು 1995ರ ಡಿಸೆಂಬರ್‌ನ ಬಾಸ್ಮನ್ ತೀರ್ಪಿನಿಂದ. ಅದರ ಬಿಸಿ ಸೆಲ್ಟಿಕ್‌ಗೆ ಮರುವರ್ಷವೇ ತಟ್ಟಿತು: ಜಾನ್ ಕಾಲಿನ್ಸ್ ಮೊನಾಕೊಗೆ ಹೋದರು. ಮೊನಾಕೊ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದ್ದರಿಂದ ಹಣ ಕೊಡಿ ಎಂದು ಸೆಲ್ಟಿಕ್ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದವರೆಗೆ ಹೋಯಿತು. ವಾದ ಜಾಣತನದ್ದೇ, ಗೆಲ್ಲಲಿಲ್ಲ.

ಪ್ರಶ್ನೆ: ಹಳೆಯ ಆಟಗಾರರ ದಾಖಲೆಯನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದೇನೆ. ಮೊತ್ತಗಳು ತಾಳೆಯಾಗುತ್ತಿಲ್ಲ. (ಮೈಸೂರಿನ ಓದುಗರು)

ಮೊತ್ತವನ್ನು ಎಲ್ಲಿಂದಲೂ ನಕಲು ಮಾಡಬೇಡಿ. ಒಂದು ಪಂದ್ಯಕ್ಕೆ ಒಂದು ಸಾಲು ಬರೆಯಿರಿ: ತಾರೀಖು, ಸ್ಪರ್ಧೆ, ಎದುರಾಳಿ, ತವರೋ ಹೊರಗೋ, ಶುರುವಿನಿಂದ ಆಡಿದರೋ ಬದಲಿಯಾಗಿಯೋ, ಗೋಲು. ಮೊತ್ತ ಯಂತ್ರ ಕೂಡಲಿ. ತಾರೀಖೊಂದನ್ನೇ ಪಂದ್ಯದ ಗುರುತಾಗಿ ಇಡಬೇಡಿ. 1916ರ ಏಪ್ರಿಲ್ 15ರಂದು ಸೆಲ್ಟಿಕ್ ಒಂದೇ ದಿನ ಎರಡು ಲೀಗ್ ಪಂದ್ಯ ಆಡಿ ರೇತ್ ರೋವರ್ಸ್ ತಂಡವನ್ನು 6–0, ಮದರ್‌ವೆಲ್ ತಂಡವನ್ನು 3–1ರಿಂದ ಸೋಲಿಸಿತು. ನಿಮ್ಮ ಹಾಳೆ ಅವೆರಡನ್ನೂ ಒಂದಾಗಿಸಿಬಿಟ್ಟಿರುತ್ತದೆ.

ಆಟಗಾರನಿಗೂ ಹೆಸರಿನ ಬದಲು ಒಂದು ಸಂಖ್ಯೆ ಕೊಡಿ. 1931ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಆಡಿದ ಸೆಲ್ಟಿಕ್ ಹನ್ನೊಂದರಲ್ಲಿ ಮೂವರು ಥಾಮ್ಸನ್‌ಗಳಿದ್ದರು: ಗೋಲ್‌ಕೀಪರ್ ಜಾನ್, ಮುಂದಿನ ಸಾಲಿನಲ್ಲಿ ಬರ್ಟಿ ಮತ್ತು ಅಲೆಕ್. ವಿಲ್ಲಿ ಮೆಕ್‌ಸ್ಟೇ 1920ರ ದಶಕದಲ್ಲಿ ಒಬ್ಬರು, 1980ರ ದಶಕದಲ್ಲಿ ಅದೇ ಮನೆತನದ ಇನ್ನೊಬ್ಬರು. ಪ್ಯಾಟ್ಸಿ ಗ್ಯಾಲಕರ್ (1911–26) ಮತ್ತು ಚಾರ್ಲಿ ಗ್ಯಾಲಗರ್ (1960ರ ದಶಕ) ಕನ್ನಡ ಲಿಪಿಗೆ ಬಂದಾಗ ಬಹುತೇಕ ಒಂದೇ ಆಗಿಬಿಡುತ್ತಾರೆ.

ಸೇರಿದ ವರ್ಷಕ್ಕೆ ಒಂದೇ ಕಾಲಂ ಸಾಲದು. ಕೆನ್ನಿ ಡಾಲ್ಗ್ಲಿಷ್ ಸಹಿ ಹಾಕಿದ್ದು 1967ರಲ್ಲಿ, ತಕ್ಷಣ ಕಂಬರ್ನಾಲ್ಡ್ ಯುನೈಟೆಡ್ ಎಂಬ ಜೂನಿಯರ್ ತಂಡಕ್ಕೆ ಎರವಲು ಹೋದರು, ಮೊದಲ ತಂಡ ಕಂಡದ್ದು 1968ರಲ್ಲಿ, ಸ್ಥಾನ ಖಾಯಂ ಆದದ್ದು 1971–72ರಲ್ಲಿ. ಸ್ಕಾಟ್ಲೆಂಡಿನ ಜೂನಿಯರ್ ಫುಟ್‌ಬಾಲ್ ಮಕ್ಕಳ ಆಟವಲ್ಲ, ಲೀಗಿನ ಹೊರಗೆ ಬೇರೆ ಸಂಘದಡಿ ನಡೆಯುತ್ತಿದ್ದ ಗಟ್ಟಿ ವಯಸ್ಕರ ಆಟ. ಆ ಪಂದ್ಯಗಳನ್ನು ಯುವ ತಂಡದ ಕಾಲಂಗೂ ಹಾಕಬೇಡಿ, ಲೀಗ್ ಮೊತ್ತಕ್ಕೂ ಸೇರಿಸಬೇಡಿ.

ಪತ್ರಿಕೆಯಲ್ಲಿ ‘ಸೇರಿದರು’ ಎಂದು ಬಂದ ಮಾತ್ರಕ್ಕೆ ಸಾಲು ತೆರೆಯಬೇಡಿ. 1989ರ ಮೇ ತಿಂಗಳಲ್ಲಿ ಮೋ ಜಾನ್‌ಸ್ಟನ್ ಸೆಲ್ಟಿಕ್ ಅಂಗಿ ತೊಟ್ಟು ಫೋಟೊಕ್ಕೆ ನಿಂತರು, ನೋಂದಣಿ ಮುಗಿದಿರಲಿಲ್ಲ. ಜುಲೈನಲ್ಲಿ ಸಹಿ ಹಾಕಿದ್ದು ಅದೇ ನಗರದ ಬದ್ಧ ಎದುರಾಳಿ ರೇಂಜರ್ಸ್‌ಗೆ.

ಕೊನೆಯದಾಗಿ ಬದಲಿ ಆಟಗಾರರ ಕಾಲಂ 1966ಕ್ಕೂ ಹಿಂದಕ್ಕೆ ಖಾಲಿ ಇರಬೇಕು. ಸ್ಕಾಟ್ಲೆಂಡಿನ ಸ್ಪರ್ಧೆಗಳಲ್ಲಿ ಬದಲಿಗೆ ಅವಕಾಶ ಬಂದದ್ದೇ 1966–67ರಲ್ಲಿ.

ಪ್ರಶ್ನೆ: ಬಾಲಾ ದೇವಿ ಆಡಿದ್ದು ಸೆಲ್ಟಿಕ್‌ಗೋ? ಬೆಂಗಳೂರಿಗೂ ಅದಕ್ಕೂ ಏನು ನಂಟು? (ಬೆಂಗಳೂರಿನ ಇನ್ನೊಬ್ಬ ಓದುಗರು)

ಸೆಲ್ಟಿಕ್‌ಗಲ್ಲ, ಎದುರಾಳಿ ರೇಂಜರ್ಸ್‌ನ ಮಹಿಳಾ ತಂಡಕ್ಕೆ. 2019ರಲ್ಲಿ ಬೆಂಗಳೂರು ಎಫ್.ಸಿ. ಮತ್ತು ರೇಂಜರ್ಸ್ ಸಹಭಾಗಿತ್ವದ ಒಪ್ಪಂದ ಮಾಡಿಕೊಂಡವು, ಮಣಿಪುರದ ಬಾಲಾ ದೇವಿಗೆ ಆಯ್ಕೆ ಪರೀಕ್ಷೆಯ ಬಾಗಿಲು ತೆರೆದದ್ದು ಆ ದಾರಿಯಲ್ಲಿ. 2020ರ ಜನವರಿಯಲ್ಲಿ 18 ತಿಂಗಳ ವೃತ್ತಿಪರ ಕರಾರು ಆಯಿತು. ಮೊದಲ ಗೋಲು ಡಿಸೆಂಬರ್‌ನಲ್ಲಿ, ಮದರ್‌ವೆಲ್ ವಿರುದ್ಧ. ನಡುವಿನ ತಿಂಗಳುಗಳನ್ನು ನುಂಗಿದ್ದು ಕೋವಿಡ್: ಮಾರ್ಚ್‌ನಲ್ಲಿ ಆಟ ನಿಂತು, ಆಗಷ್ಟೇ ಶುರುವಾಗಿದ್ದ ಸೀಸನ್ ರದ್ದಾಗಿ, ಹೊಸ ಸೀಸನ್ ಅಕ್ಟೋಬರ್‌ಗೆ ಹೋಯಿತು. ಅವರ ಪಂದ್ಯಗಳ ಸಂಖ್ಯೆಯನ್ನು 18 ತಿಂಗಳಿಂದ ಭಾಗಿಸುವ ಮುನ್ನ ಆ ಏಳು ತಿಂಗಳನ್ನು ಕಳೆಯಿರಿ.